ಜೀಪಿನ ಬಂಪರ್ ಮೇಲಿನ ಗುಟ್ಟು

ಪ್ರಶ್ನೆ: ಎರಡನೇ ಮಹಾಯುದ್ಧದ ಅಮೆರಿಕನ್ ಜೀಪಿನ ಮಾಡೆಲ್ ಜೋಡಿಸುತ್ತಿದ್ದೇನೆ. ಬಂಪರ್‌ನ ಎಡಕ್ಕೆ ‘4 12-ಐ’, ಬಲಕ್ಕೆ ‘ಡಿ 7’ ಎಂದು ಅಂಟಿಸಲು ಸ್ಟಿಕ್ಕರ್ ಕೊಟ್ಟಿದ್ದಾರೆ. ಏನದು? ಹಳೆಯ ಫೋಟೊಗಳಲ್ಲಿ ಎಷ್ಟೋ ಬಂಪರ್‌ಗಳು ಖಾಲಿ ಇವೆಯಲ್ಲ, ಯಾಕೆ?
— ಓದುಗರು, ಶಿವಮೊಗ್ಗ

ಉತ್ತರ: ಅದು ಆ ಜೀಪಿನ ವಿಳಾಸ. ಲಕೋಟೆ ಮೇಲೆ ನಾವು ಮನೆ ನಂಬರು ಮೊದಲು, ಜಿಲ್ಲೆ ಕೊನೆಗೆ ಬರೆಯುತ್ತೇವೆ ಅಲ್ವಾ? ಇಲ್ಲಿ ಉಲ್ಟಾ. 4 ಎಂದರೆ 4ನೇ ಇನ್ಫೆಂಟ್ರಿ (ಕಾಲಾಳು) ಡಿವಿಷನ್, 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಯೂಟಾ ಬೀಚ್‌ನಲ್ಲಿ ಇಳಿದ ದೊಡ್ಡ ಪಡೆ. 12-ಐ ಅದರೊಳಗಿನ 12ನೇ ಇನ್ಫೆಂಟ್ರಿ ರೆಜಿಮೆಂಟ್. ಡಿ ಎಂದರೆ ರೆಜಿಮೆಂಟಿನ ಒಳಗೆ ಮೆಷಿನ್ ಗನ್, ಮಾರ್ಟರ್ (ಸಣ್ಣ ಫಿರಂಗಿ) ಹೊರುವ ಕಂಪನಿ, ಅಂದರೆ ಸೈನಿಕರ ಸಣ್ಣ ತುಕಡಿ. ಅದಕ್ಕೇ ಅಲ್ಲಿ ಜೀಪುಗಳು ಜಾಸ್ತಿ. 7 ಆ ಕಂಪನಿಯ ಗಾಡಿಗಳ ಸಾಲಿನಲ್ಲಿ ಇದರ ಜಾಗ. ಪುಟ್ಟ ತ್ರಿಕೋನ ಕಂಡರೆ ಟ್ಯಾಂಕ್ ಡಿವಿಷನ್, ‘ಎಬಿ’ ಕಂಡರೆ ವಿಮಾನದಿಂದ ಇಳಿಯುವ ಪಡೆ.

ಈ ವಿಳಾಸವನ್ನು ಶತ್ರುವೂ ಓದಬಹುದು. ಆದ್ದರಿಂದ ಪತ್ರಿಕೆಗೆ ಹೋಗುವ ಮುಂಚೆ ಫೋಟೊದಲ್ಲಿ ಅದನ್ನು ಸೆನ್ಸಾರ್‌ನವರು ಅಳಿಸುತ್ತಿದ್ದರು. ಗುಟ್ಟಾಗಿ ಜಾಗ ಬದಲಿಸುವಾಗ ಬಂಪರ್ ಮೇಲೇ ಬಣ್ಣ ಬಳಿದದ್ದೂ ಉಂಟು.

ನನಗೆ ಬಹಳ ಇಷ್ಟವಾದ ಕಥೆ ಇದರ ಇನ್ನೊಂದು ಮುಖ. ಅಮೆರಿಕದ 23ನೇ ಹೆಡ್‌ಕ್ವಾರ್ಟರ್ಸ್ ಸ್ಪೆಷಲ್ ಟ್ರೂಪ್ಸ್‌ನಲ್ಲಿ ಇದ್ದವರು ಸುಮಾರು 1,100 ಜನ. ಅವರ ಕೆಲಸವೇ ಶತ್ರುವಿನ ದಾರಿ ತಪ್ಪಿಸುವುದು. 1944ರ ಸೆಪ್ಟೆಂಬರಿನಲ್ಲಿ ಮೊಸೆಲ್ ನದಿಯ ಹತ್ತಿರ 6ನೇ ಆರ್ಮರ್ಡ್ (ಟ್ಯಾಂಕ್) ಡಿವಿಷನ್ ತಾವೇ ಎಂಬಂತೆ ನಟಿಸಿದರು. ಗಾಳಿ ತುಂಬಿದ ರಬ್ಬರ್ ಟ್ಯಾಂಕ್, ಸ್ಪೀಕರ್‌ನಲ್ಲಿ ಟ್ಯಾಂಕ್ ಸದ್ದು ಎಲ್ಲ ಇತ್ತು. ಜೊತೆಗೆ ಲಾರಿ, ಜೀಪುಗಳ ಬಂಪರ್ ಮೇಲೆ ಆ ಡಿವಿಷನ್ನಿನ ಗುರುತು ಬರೆದು ಓಡಾಡಿದರು. ಊರಿನಲ್ಲಿರುವ ಗೂಢಚಾರರ ಕಣ್ಣಿಗೆ ಬೀಳಲಿ ಅಂತಲೇ.

ನಿಮ್ಮ ಕಿಟ್‌ನಲ್ಲಿ ಬಿಳಿ ನಕ್ಷತ್ರವೂ ಇರುತ್ತದೆ. ದೂರದಿಂದ ಬರೀ ನಕ್ಷತ್ರ ಜರ್ಮನ್ ಗಾಡಿಗಳ ಮೇಲಿನ ಶಿಲುಬೆ ಗುರುತಿನಂತೆ ಕಾಣುತ್ತಿತ್ತು. ಅದಕ್ಕೆ 1943ರ ಸಿಸಿಲಿ ದಾಳಿಯ ಹೊತ್ತಿಗೆ ಸುತ್ತ ವೃತ್ತ ಬಂತು. ನಿಮ್ಮದು ನಾರ್ಮಂಡಿಯ ಜೀಪು, ಬಾನೆಟ್ ಮೇಲೆ ವೃತ್ತ ಇದ್ದರೆ ಚೆನ್ನ.

ಸ್ಟಿಕ್ಕರ್ ಸುಮ್ನೆ ಅಂಟಿಸಿಬಿಡಬೇಡಿ. ನಿಜವಾದ ಅಕ್ಷರಗಳನ್ನು ಹೆಚ್ಚಾಗಿ ಸ್ಟೆನ್ಸಿಲ್ ಇಟ್ಟು ಬಳಿಯುತ್ತಿದ್ದರು. ‘ಡಿ’ಯ ಇಂಗ್ಲಿಷ್ ಅಕ್ಷರದ ಗೆರೆ ನಡುವೆ ಸಣ್ಣ ಸಂದು ಬಿಟ್ಟರೆ ಅದು ತಟ್ಟನೆ ಜೀವ ತಳೆಯುತ್ತದೆ. ಬಾನೆಟ್ ಪಕ್ಕದ ನಂಬರು 20ರಿಂದ ಶುರುವಾಗಬೇಕು, ಜೀಪಿಗೆ ಕೊಟ್ಟದ್ದು ಅದೇ. ಎಷ್ಟೋ ಜೀಪುಗಳಲ್ಲಿ ಈ ನಂಬರನ್ನು ಮಂಕು ನೀಲಿಯಲ್ಲಿ ಬರೆದಿದ್ದರು. ಕಪ್ಪು-ಬಿಳುಪು ಫೋಟೊದಲ್ಲಿ ಅದು ಹಸಿರಿನೊಳಗೆ ಕರಗಿಹೋಗುತ್ತದೆ. ಫೋಟೊದಲ್ಲಿ ಕಾಣುತ್ತಿಲ್ಲ ಅಂತ ಬಿಟ್ಟುಬಿಡಬೇಡಿ.