ಒಂಬತ್ತು ರ‍್ಯಾಪರ್‌ಗಳಿದ್ದ ವೂ-ಟ್ಯಾಂಗ್ ಕ್ಲಾನ್‌ನ ಮೊದಲ ಆಲ್ಬಂ ಚೆಲ್ಲಾಪಿಲ್ಲಿಯಾಗದೆ ಒಂದೇ ಕೃತಿಯಾಗಿ ಕೇಳಿಸುವುದು ಹೇಗೆ?

ಹಾಡುವ ಕಂಠಗಳು ಹಲವಿದ್ದರೂ ಕೊನೆಯ ತೀರ್ಮಾನ ಒಬ್ಬರದ್ದೇ ಆಗಿತ್ತು ಎಂಬುದೇ ಇದಕ್ಕೆ ನೇರ ಉತ್ತರ. 1993ರ ನವೆಂಬರ್‌ನಲ್ಲಿ ಬಿಡುಗಡೆಯಾದ ನ್ಯೂಯಾರ್ಕ್‌ನ ಈ ತಂಡದ ಆಲ್ಬಂನ ಬಹುತೇಕ ಎಲ್ಲ ಬೀಟ್‌ಗಳನ್ನು, ಅಂದರೆ ಮಾತಿನ ಅಡಿಯಲ್ಲಿ ಸುತ್ತಿ ಸುತ್ತಿ ಬರುವ ತಾಳ-ಸಂಗೀತದ ಹಾಸನ್ನು, ತಂಡದ ಸದಸ್ಯರೂ ಮುಖಂಡರೂ ಆದ ರಿಜಾ ಅವರೇ ಹೆಣೆದಿದ್ದರು. ಹಳೆಯ ಸೋಲ್ (ಅಮೆರಿಕದ ಕಪ್ಪುವರ್ಣೀಯರ ಭಾವಪೂರ್ಣ ಗಾಯನ ಶೈಲಿ) ಹಾಡುಗಳ ತುಣುಕುಗಳು, ಕುಂಗ್‌ಫು ಚಿತ್ರಗಳ ಸಂಭಾಷಣೆ, ಒರಟಾದ ಡ್ರಮ್ ಸದ್ದು ಉದ್ದಕ್ಕೂ ಮರುಕಳಿಸುವುದರಿಂದ ದನಿ ಬದಲಾದರೂ ಲೋಕ ಬದಲಾಗುವುದಿಲ್ಲ.

ಹಾಡಿನಲ್ಲಿ ಜಾಗವೂ ಪುಕ್ಕಟೆಯಾಗಿ ಸಿಗುತ್ತಿರಲಿಲ್ಲ. ಸದಸ್ಯರು ಪರಸ್ಪರ ಸ್ಪರ್ಧಿಸಿ, ಯಾರ ಸಾಲುಗಳು ಹರಿತವೋ ಅವರೇ ಆ ಬೀಟ್ ಗೆಲ್ಲುತ್ತಿದ್ದರು. ತಂಡಕ್ಕೆ ಕೊನೆಯಲ್ಲಿ ಸೇರಿದ ಮಾಸ್ಟಾ ಕಿಲ್ಲಾ ಇಡೀ ಆಲ್ಬಂನಲ್ಲಿ ಒಂದೇ ಹಾಡಿನಲ್ಲಿ ಕಾಣಿಸಿಕೊಳ್ಳುತ್ತಾರೆ. ತಂಡವೇ 1992ರಲ್ಲಿ ಸ್ವತಂತ್ರವಾಗಿ ಹೊರತಂದಿದ್ದ ‘ಪ್ರೊಟೆಕ್ಟ್ ಯಾ ನೆಕ್’ ಹಾಡನ್ನು ಕೇಳಿನೋಡಿ: ಪಲ್ಲವಿಯೇ ಇಲ್ಲ, ಎಂಟು ಮಂದಿ ಒಬ್ಬರ ಬೆನ್ನಿಗೆ ಒಬ್ಬರು ಬಂದು, ಹಿಂದಿನವರನ್ನು ಮೀರಿಸುವ ಹಟದಲ್ಲಿ ಹಾಡಿ ಸರಿಯುತ್ತಾರೆ.

ಒಪ್ಪಂದದ ಪಾತ್ರವನ್ನೂ ಕಡೆಗಣಿಸುವಂತಿಲ್ಲ. ತಂಡವಾಗಿ ಲೌಡ್ ರೆಕಾರ್ಡ್ಸ್‌ಗೆ ಸಹಿ ಹಾಕಿದರೂ, ಪ್ರತಿಯೊಬ್ಬರೂ ಬೇರೆ ಕಂಪನಿಯಲ್ಲಿ ತಮ್ಮದೇ ಆಲ್ಬಂ ಮಾಡಬಹುದು ಎಂಬ ಷರತ್ತನ್ನು ಅವರು ಉಳಿಸಿಕೊಂಡಿದ್ದರು. ಮೆಥಡ್ ಮ್ಯಾನ್ 1994ರಲ್ಲಿ ಡೆಫ್ ಜ್ಯಾಮ್ ಮೂಲಕ, ಜಿಜಾ 1995ರಲ್ಲಿ ಗೆಫನ್ ಮೂಲಕ ಆಲ್ಬಂ ತಂದರು. ಮುಂದೆ ತನ್ನದೇ ಸರದಿ ಇದೆಯೆಂದು ಗೊತ್ತಿದ್ದವರಿಗೆ, ನನ್ನ ದೃಷ್ಟಿಯಲ್ಲಿ, ಇಲ್ಲಿ ಹದಿನಾರು ಸಾಲಿಗೆ (ರ‍್ಯಾಪ್ ಹಾಡಿನಲ್ಲಿ ಒಬ್ಬರ ಪಾಲಿನ ವಾಡಿಕೆಯ ಅಳತೆ) ತೃಪ್ತರಾಗುವುದು ಕಷ್ಟವಾಗಿರಲಾರದು.