ಕ್ರಿಸ್‌ಮಸ್ ಖರ್ಚು ಉಳಿಸಿ ಚರ್ಚ್ ಮೂಲಕ ಕೊಡುವ ಬಗ್ಗೆ

ಹಬ್ಬದ ಬಟ್ಟೆ, ಗಿಫ್ಟ್ ಖರ್ಚು ಇಳಿಸಿ ಆ ದುಡ್ಡನ್ನು ಚರ್ಚ್ ಮೂಲಕ ಕೊಡಬೇಕು, ಆದರೆ ಮಕ್ಕಳು ಬೇಜಾರಾಗುತ್ತಾರೆ, ದುಡ್ಡು ಎಲ್ಲಿ ಹೋಯಿತು ಅಂತಲೂ ಗೊತ್ತಾಗಲ್ಲ ಎಂದು ಕೇಳಿದ್ದೀರಿ.

ಮೊದಲು, ಕುಸ್ವಾರ್‌ಗೆ, ಅಂದರೆ ಕ್ರಿಸ್‌ಮಸ್ ತಿಂಡಿಗಳ ಖರ್ಚಿಗೆ, ಕೈ ಹಾಕಬೇಡಿ! ಕಿಡಿಯೊ, ನೆವ್ರಿ ಮಾಡಿ ನೆರೆಮನೆಗೆ ತಟ್ಟೆ ಕಳಿಸುವುದು ಮಂಗಳೂರಿನವರಿಗೆ ಹಬ್ಬವೇ ಅಲ್ವಾ? ಅದರಲ್ಲಿ ಉಳಿಯುವುದೂ ಅಷ್ಟಕ್ಕಷ್ಟೇ. ದೊಡ್ಡವರು ದೊಡ್ಡವರಿಗೆ ಕೊಡುವ ಗಿಫ್ಟ್ ನಿಲ್ಲಿಸಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು, ಯಾರೂ ಕೇಳಲೇ ಇಲ್ಲ. ಮಕ್ಕಳಿಗೆ ಒಂದೊಂದು ಗಿಫ್ಟ್ ಇರಲಿ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರವೂ ಅವರ ಕೈಯಿಂದಲೇ ಮನೆಯ ಒಂದು ಡಬ್ಬಿಗೆ ದುಡ್ಡು ಹಾಕಿಸಿ.

ಇನ್ನು ಕೊಡುವ ಜಾಗ. ಸುಮ್ನೆ ಕಾಣಿಕೆ ಡಬ್ಬಿಗೆ ಹಾಕಿದರೆ ಅದು ಕರೆಂಟ್ ಬಿಲ್ಲಿಗೂ ಹೋಗಬಹುದು, ತಪ್ಪೇನಿಲ್ಲ. ಬಡವರಿಗೇ ಹೋಗಬೇಕು ಅಂದರೆ ನಿಮ್ಮ ಚರ್ಚ್‌ನಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದೆಯಾ ಕೇಳಿ. ಇದು ಬಡವರಿಗೆ ನೆರವಾಗುವ ಸಂಘ, 1833ರಲ್ಲಿ ಪ್ಯಾರಿಸ್‌ನಲ್ಲಿ ಕೆಲವು ವಿದ್ಯಾರ್ಥಿಗಳು ಶುರು ಮಾಡಿದ್ದು. ಸದಸ್ಯರು ಬಡವರ ಮನೆಗೇ ಹೋಗಿ ಕಷ್ಟ ಕೇಳುತ್ತಾರೆ. ಹಾಗಾಗಿ ಯಾರಿಗೆ ಔಷಧಿ ಬೇಕು, ಯಾರಿಗೆ ಶಾಲೆ ಫೀಸು ಬಾಕಿ ಇದೆ ಅವರಿಗೆ ಗೊತ್ತಿರುತ್ತದೆ. ದುಡ್ಡು ಪಡೆದವರ ಹೆಸರು ಕೇಳಬೇಡಿ, ಯಾವುದಕ್ಕೆ ಬಳಸಿದಿರಿ ಅಂತ ಕೇಳಿ, ಸಾಕು. ಫೀಸಾದರೆ ಜೂನ್‌ನಲ್ಲೇ ಜಾಸ್ತಿ ಉಪಯೋಗ. ಡಿಸೆಂಬರ್‌ನಲ್ಲಿ ಎಲ್ಲರೂ ಕೇಕ್ ಕೊಡುತ್ತಾರೆ.

ತೆರಿಗೆ ವಿನಾಯಿತಿ ಬೇಕಿದ್ದರೆ, ಅದಕ್ಕೆ ಮಾನ್ಯತೆ ಇರುವ ಟ್ರಸ್ಟಾ ಅಂತ ಮೊದಲೇ ವಿಚಾರಿಸಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಸಿಗಲ್ಲ, ಚೆಕ್ ಅಥವಾ ಆನ್‌ಲೈನ್‌ನಲ್ಲಿ ಕೊಡಿ.