ಪ್ರಬಂಧ ವಾಪಸಾಯಿತು, ದುಡ್ಡು?

ಪ್ರಶ್ನೆ: ವಿಜ್ಞಾನಿಯೊಬ್ಬರು ಸುಳ್ಳು ಫಲಿತಾಂಶ ಬರೆದದ್ದು ಗೊತ್ತಾಗಿ, ಅವರ ಪ್ರಬಂಧವನ್ನು ಹಿಂದಕ್ಕೆ ಪಡೆದರು ಎಂದು ಓದಿದೆ. ಹೆಸರು ಕೆಟ್ಟಿತು, ಸರಿ. ದುಡ್ಡಿನ ನಷ್ಟವೂ ಆಗುತ್ತದೆಯೇ? ಆಗುವುದಾದರೆ ಅದನ್ನು ಯಾರು ತುಂಬಿಕೊಡುತ್ತಾರೆ?

ಉತ್ತರ: ಆಗುತ್ತದೆ. ಆದರೆ ಜಾಸ್ತಿ ಪಾಲು ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ.

ಕಾಣುವುದನ್ನು ಮೊದಲು ಹೇಳುತ್ತೇನೆ. 1992ರಿಂದ 2012ರವರೆಗೆ ಮೋಸದ ಕಾರಣಕ್ಕೆ ವಾಪಸಾದ ಪ್ರಬಂಧಗಳಿಗೆ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ನೇರವಾಗಿ ಕೊಟ್ಟಿದ್ದ ಹಣ ಸುಮಾರು 5.8 ಕೋಟಿ ಡಾಲರ್ ಎಂದು 2014ರಲ್ಲಿ ಲೆಕ್ಕ ಹಾಕಿದರು. ಒಂದು ಪ್ರಬಂಧಕ್ಕೆ ಸರಾಸರಿ 3.9 ಲಕ್ಷ. ಆ ಸಂಸ್ಥೆಯ ಬಜೆಟ್ಟಿನಲ್ಲಿ ಇದು ಶೇಕಡಾ 1 ಕೂಡ ಇಲ್ಲ. ಇಷ್ಟೇನಾ ಅನ್ನಿಸಬಹುದು. ವಿಚಾರಣೆಯ ಖರ್ಚು ಬೇರೆ. ಒಂದೇ ಒಂದು ಪ್ರಕರಣಕ್ಕೆ 5.25 ಲಕ್ಷ ಡಾಲರ್ ಎಂದು 2010ರಲ್ಲಿ ಅಂದಾಜು ಮಾಡಿದ್ದರು. ಕದ್ದದ್ದಕ್ಕಿಂತ ಕಳ್ಳನನ್ನು ಹಿಡಿಯುವುದೇ ದುಬಾರಿ!

ಈಗ ಕಾಣದ ಲೆಕ್ಕ. ಲ್ಯಾಬಿಗೆ ಸೇರಿದ ಮೊದಲ ವರ್ಷ, ಬೇರೆಯವರ ಪ್ರಬಂಧವೊಂದರ ಮೇಲೆ ನನ್ನ ಕೆಲಸ ನಿಂತಿತ್ತು. ಅವರ ಚಿತ್ರದಲ್ಲಿ ಒಂದು ಪ್ರೋಟೀನಿನ ಬ್ಯಾಂಡು, ಅಂದರೆ ಅದು ಇದೆಯೆಂದು ತೋರಿಸುವ ಪಟ್ಟೆ, ಕಪ್ಪಗೆ, ದಪ್ಪಗೆ ಎದ್ದು ಕಾಣುತ್ತಿತ್ತು. ನನ್ನ ಫಿಲ್ಮಿನಲ್ಲಿ ಅದೇ ಜಾಗ ಖಾಲಿ. ಆ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ ಕೆಟ್ಟಿರಬೇಕು ಎಂದು ಹೊಸದು ತರಿಸಿದೆವು. ಆಮೇಲೆ ಮತ್ತೊಂದು, ಮಗದೊಂದು. ಫ್ರೀಜರ್ ಮೇಲೂ ಅನುಮಾನ ಬಂದು ರಿಪೇರಿಯವರನ್ನು ಕರೆಸಿದ್ದಾಯಿತು. ಕೊನೆಗೆ ನನ್ನ ಕೈಯೇ ಸರಿಯಿಲ್ಲ ಎಂದುಕೊಂಡು ರಾತ್ರಿಯೆಲ್ಲ ಕೂತೆ. ಏಳು ತಿಂಗಳು ಹೀಗೇ ಹೋಯಿತು. ಆಮೇಲೆ ಗೊತ್ತಾದದ್ದು, ಆ ಬ್ಯಾಂಡು ಅದೇ ಪ್ರಬಂಧದ ಇನ್ನೊಂದು ಚಿತ್ರದ್ದು. ತಲೆಕೆಳಗು ಮಾಡಿ ಅಂಟಿಸಿದ್ದರು, ಅಷ್ಟೇ. ನನ್ನಂತೆ ಇನ್ನೆಷ್ಟು ಲ್ಯಾಬುಗಳಲ್ಲಿ ಎಷ್ಟು ಜನ ಕೂತಿದ್ದರೋ!

ತುಂಬಿಕೊಡುವ ವಿಷಯಕ್ಕೆ ಬರೋಣ. ಅಪರೂಪಕ್ಕೆ ಆಗುತ್ತದೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಡಾಂಗ್-ಪ್ಯೋ ಹಾನ್ ಎಂಬ ವಿಜ್ಞಾನಿ ಎಚ್‌ಐವಿ ಲಸಿಕೆ ಕೆಲಸ ಮಾಡುತ್ತಿದೆ ಎಂದು ತೋರಿಸಲು ಮೊಲದ ರಕ್ತಕ್ಕೆ ಎಚ್‌ಐವಿ ವಿರುದ್ಧದ ಮನುಷ್ಯರ ಆಂಟಿಬಾಡಿ ಬೆರೆಸಿದ್ದರು. ಅದನ್ನು ನಂಬಿ ಕೋಟಿಗಟ್ಟಲೆ ಅನುದಾನ ಹರಿಯಿತು. 2015ರಲ್ಲಿ ಕೋರ್ಟು ನಾಲ್ಕು ವರ್ಷ ಒಂಬತ್ತು ತಿಂಗಳ ಜೈಲು ವಿಧಿಸಿ, 72 ಲಕ್ಷ ಡಾಲರ್ ವಾಪಸ್ ಕಟ್ಟಲು ಹೇಳಿತು. ಒಬ್ಬ ಮನುಷ್ಯ ಅಷ್ಟನ್ನು ಎಲ್ಲಿಂದ ತರಬೇಕು, ಅಲ್ವಾ? ಅಲ್ಲಿಯದೇ ಡ್ಯೂಕ್ ವಿಶ್ವವಿದ್ಯಾಲಯದ ಪ್ರಕರಣ ಇನ್ನೂ ದೊಡ್ಡದು. ಸುಳ್ಳು ದತ್ತಾಂಶ ತೋರಿಸಿ ಅನುದಾನ ಪಡೆದ ಆರೋಪ ಇತ್ಯರ್ಥಕ್ಕೆ 2019ರಲ್ಲಿ 11.25 ಕೋಟಿ ಡಾಲರ್ ಕಟ್ಟಿತು. ದೂರು ಕೊಟ್ಟ ಮಾಜಿ ನೌಕರನಿಗೇ ಅದರಲ್ಲಿ 3.375 ಕೋಟಿ ಸಿಕ್ಕಿತು. ಕಟ್ಟಿದ ಹಣ ಸರ್ಕಾರಕ್ಕೆ ಹೋಗುತ್ತದೆ. ಆ ಪ್ರಬಂಧ ನಂಬಿ ಕೆಟ್ಟ ಲ್ಯಾಬುಗಳಿಗೆ ಬರುವುದಿಲ್ಲ.

ನಮ್ಮ ಮೂರು ಬಾಟಲಿ ಆಂಟಿಬಾಡಿ, ಫ್ರೀಜರ್ ರಿಪೇರಿ? ‘ಬಳಕೆ ಸಾಮಗ್ರಿ’, ‘ನಿರ್ವಹಣೆ’ ಎಂದು ಬರೆದು ಆ ವರ್ಷದ ಲೆಕ್ಕ ಮುಚ್ಚಿದೆವು.